ಸಾರಜನಕ ಜಾಸ್ತಿ ಕೊಟ್ಟರೆ ಸೊಪ್ಪಿನ ಸತ್ವವೂ ಹೆಚ್ಚುತ್ತದೆಯೇ?

ಪ್ರಶ್ನೆ: ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಪೋಷಕಾಂಶ ಕರಗಿಸಿದ ನೀರಿನ ದ್ರಾವಣದಲ್ಲಿ, ಪಾಲಕ್, ಲೆಟ್ಯೂಸ್ ಬೆಳೆಯುತ್ತಿದ್ದೇನೆ. ಸಾರಜನಕ ಸ್ವಲ್ಪ ಜಾಸ್ತಿ ಮಾಡಿದರೆ ಎಲೆ ಕಡು ಹಸಿರಾಗಿ, ಬೇಗ ಅಗಲವಾಗುತ್ತದೆ. ಅಂದರೆ ಪೋಷಕಾಂಶವೂ ಹೆಚ್ಚಿದೆ ಅಂತ ಅಲ್ವಾ?

ಅರ್ಧ ನಿಜ. ಕ್ಲೋರೋಫಿಲ್‌ಗೂ ಪ್ರೋಟೀನ್‌ಗೂ ಸಾರಜನಕ ಬೇಕೇ ಬೇಕು. ಹಸಿದ ಗಿಡಕ್ಕೆ ಅದು ಸಿಕ್ಕಾಗ ಇವೆರಡೂ ಏರುತ್ತವೆ, ಜೊತೆಗೆ ಸಾಮಾನ್ಯವಾಗಿ ಬೀಟಾ ಕ್ಯಾರೊಟಿನ್ ಕೂಡ. ಆದರೆ ಗಿಡದ ಹೊಟ್ಟೆ ತುಂಬಿದ ಮೇಲೂ ಸುರಿಯುತ್ತಾ ಹೋದರೆ ಕತೆ ಬೇರೆ.

ವಿಟಮಿನ್ ಸಿ ಯನ್ನು ಗಿಡ ಸಕ್ಕರೆಯಿಂದ ಮಾಡಿಕೊಳ್ಳುತ್ತದೆ. ಸಾರಜನಕ ಧಾರಾಳವಾಗಿದ್ದರೆ ಆ ಸಕ್ಕರೆ ಹೊಸ ಎಲೆ, ಹೊಸ ಪ್ರೋಟೀನ್ ಕಟ್ಟಲು ಖರ್ಚಾಗುತ್ತದೆ. ವಿಟಮಿನ್ ಸಿ ಇಳಿಯುತ್ತದೆ, ಗಿಡದ ರಕ್ಷಣೆಗೆ ನೆರವಾಗುವ ಫಿನಾಲ್ ಎಂಬ ಸಂಯುಕ್ತಗಳೂ ಇಳಿಯುತ್ತವೆ. ಎಲೆಯಲ್ಲಿ ನೀರಿನಂಶ ಜಾಸ್ತಿಯಾಗಿ ರುಚಿಯೂ ಸಪ್ಪೆಯಾಗಬಹುದು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ನೈಟ್ರೇಟ್. ದ್ರಾವಣದಲ್ಲಿರುವ ಸಾರಜನಕದ ಬಹುಪಾಲು ಇದೇ ರೂಪದಲ್ಲಿರುತ್ತದೆ. ಬೇರು ಹಗಲೂ ರಾತ್ರಿ ಅದರಲ್ಲೇ ಮುಳುಗಿರುತ್ತದೆ, ಹೀರುತ್ತಲೇ ಇರುತ್ತದೆ. ಹೀರಿದ್ದನ್ನು ಪ್ರೋಟೀನ್ ಮಾಡಲು ಮಾತ್ರ ಬೆಳಕಿನ ಶಕ್ತಿ ಬೇಕು. ಬೆಳಕು ಸಾಲದಿದ್ದರೆ ನೈಟ್ರೇಟ್ ಹಾಗೇ ಜೀವಕೋಶದಲ್ಲಿ ಶೇಖರವಾಗುತ್ತದೆ. ಒಂದು ಪಾಲಕ್ ಎಲೆಯ ತೊಟ್ಟು ಮುರಿದು ನೋಡಿ, ಮುರಿದ ಕಡೆ ರಸ ಜಿನುಗುತ್ತದೆ. ಎಲೆಯ ಹಸಿರು ಭಾಗಕ್ಕಿಂತ ಆ ತೊಟ್ಟಿನಲ್ಲೇ ನೈಟ್ರೇಟ್ ಜಾಸ್ತಿ.

ತಿಂದ ನೈಟ್ರೇಟ್‌ನ ಸ್ವಲ್ಪ ಭಾಗ ಬಾಯಲ್ಲಿರುವ ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಆಗುತ್ತದೆ. ದೊಡ್ಡವರು ಇದಕ್ಕೆ ಹೆದರಿ ಸೊಪ್ಪು ಬಿಡಬೇಕಿಲ್ಲ. ಎಳೆ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು. ನೈಟ್ರೈಟ್ ಜಾಸ್ತಿಯಾದರೆ ಅವರ ರಕ್ತ ಆಮ್ಲಜನಕ ಸಾಗಿಸುವುದು ಕಡಿಮೆಯಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಹಸಿ ಪಾಲಕ್‌ಗೆ ಕಿಲೋಗೆ 3500 ಮಿಲಿಗ್ರಾಂ ನೈಟ್ರೇಟ್ ಮಿತಿ ಇದೆ. ಮುಚ್ಚಿದ ಮನೆಯಲ್ಲಿ ಬೆಳೆದ ಲೆಟ್ಯೂಸ್‌ಗೆ ಬೇಸಿಗೆಯಲ್ಲಿ 4000, ಚಳಿಗಾಲದಲ್ಲಿ 5000. ಬೆಳಕು ಕಮ್ಮಿಯಾದಾಗ ನೈಟ್ರೇಟ್ ಏರುತ್ತದೆ ಅನ್ನುವುದು ಆ ನಿಯಮದಲ್ಲೇ ಕಾಣುತ್ತದೆ.

ಹಾಗಾದರೆ ಎಷ್ಟು ಕೊಡಬೇಕು? ಲೆಟ್ಯೂಸ್‌ಗೆ ಲೀಟರ್‌ಗೆ 100ರಿಂದ 200 ಮಿಲಿಗ್ರಾಂ ಸಾರಜನಕ ಸಾಮಾನ್ಯವಾಗಿ ಸಾಕು. ಮೋಡ ಮುಸುಕಿದ ದಿನಗಳಲ್ಲಿ 100ರ ಹತ್ತಿರವೇ ಇಡಿ. ದ್ರಾವಣದ ವಿದ್ಯುತ್ ವಾಹಕತೆ ಅಳೆಯುವ ಇಸಿ ಮೀಟರ್ ಒಂದನ್ನೇ ನಂಬಬೇಡಿ, ಅದು ಒಟ್ಟು ಲವಣ ತೋರಿಸುತ್ತದೆ, ಸಾರಜನಕವನ್ನಲ್ಲ. ನೈಟ್ರೇಟ್‌ನ ಸ್ವಲ್ಪ ಭಾಗದ ಬದಲು ಸಾರಜನಕದ ಇನ್ನೊಂದು ರೂಪವಾದ ಅಮೋನಿಯಂ ಕೊಟ್ಟರೆ ಪಾಲಕ್‌ನಲ್ಲಿ ಆಕ್ಸಲೇಟ್ (ಕ್ಯಾಲ್ಸಿಯಂ ದೇಹಕ್ಕೆ ದಕ್ಕದಂತೆ ಹಿಡಿದಿಡುವ ವಸ್ತು) ಕೂಡ ತಗ್ಗುತ್ತದೆ. ಆದರೆ ಅಮೋನಿಯಂ ಒಟ್ಟು ಸಾರಜನಕದ ಹತ್ತನೇ ಒಂದು ಭಾಗ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು. ಅಮೋನಿಯಂ ಜಾಸ್ತಿಯಾದರೆ ಬೇರು ಕೆಡುತ್ತದೆ, ಕ್ಯಾಲ್ಸಿಯಂ ಹೀರುವುದಕ್ಕೂ ಅಡ್ಡಿಯಾಗುತ್ತದೆ.

ಕೊಯ್ಲಿಗೆ ಎರಡು ಮೂರು ದಿನ ಮುಂಚೆ ದ್ರಾವಣದ ನೈಟ್ರೇಟ್ ಇಳಿಸಿ. ಗಿಡ ಒಳಗಿನ ದಾಸ್ತಾನನ್ನೇ ಬಳಸಿಕೊಳ್ಳುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಕೆಳಗಿನ ಎಲೆ ಹಳದಿಯಾದೀತು. ಕೊಯ್ಯುವುದನ್ನು ಬೆಳಗಿನ ಬದಲು ಸಂಜೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಇಡೀ ದಿನದ ಬಿಸಿಲು ಒಂದಿಷ್ಟು ನೈಟ್ರೇಟ್ ಕರಗಿಸಿರುತ್ತದೆ.