ದತ್ತು ಕೇಳಲು ಬಂದವರು ಅರ್ಧ ದಾರಿಯಲ್ಲೇ ಯಾಕೆ ವಾಪಸ್ ಹೋದರು?

ಅಮೆರಿಕದಲ್ಲಿ ಕಪ್ಪು ಮಕ್ಕಳ ದತ್ತು ವಿಷಯ ಬಂದಾಗೆಲ್ಲ ಒಂದು ಮಾತು ಕೇಳಿಬರುತ್ತದೆ: ಕಪ್ಪು ಕುಟುಂಬಗಳು ಮುಂದೆ ಬರೋದೇ ಇಲ್ಲ, ಏನು ಮಾಡೋದು? 1950ರ ದಶಕದಲ್ಲೂ ಇದೇ ಮಾತು, ಈಗಲೂ ಇದೇ. ಇದರ ಜೊತೆಗೆ ಬಿಳಿ ದಂಪತಿ ಕಪ್ಪು ಮಗುವನ್ನು ಸಾಕಬಹುದೇ ಅನ್ನೋ ಹಳೇ ಜಗಳ, ಒಂದರ ಮೇಲೊಂದು ಬಂದ ಕಾನೂನುಗಳು. ಎಲ್ಲ ಸೇರಿ ಎಂಥಾ ಗಂಟಾಗಿದೆ ಅಂದರೆ, ಹೊಸದಾಗಿ ಓದುವವರಿಗೆ ಯಾವ ಎಳೆ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ.

ಮೊದಲಿಗೆ ಒಂದು ಸಂಗತಿ. ಕಪ್ಪು ಸಮುದಾಯದಲ್ಲಿ ಬೇರೆಯವರ ಮಗುವನ್ನು ಸಾಕುವುದು ಹೊಸದಲ್ಲ. ಗುಲಾಮಗಿರಿಯ ಕಾಲದಲ್ಲಿ ತಂದೆ ತಾಯಿಯನ್ನು ಮಾರಿಬಿಟ್ಟಾಗ ಉಳಿದ ಮಕ್ಕಳನ್ನು ಪಕ್ಕದವರೇ ಸಾಕಿದರು. ಆಮೇಲೂ ಅಜ್ಜಿ, ಚಿಕ್ಕಮ್ಮ, ಚರ್ಚಿನ ಪರಿಚಯದವರು ಸಾಕಿದರು. ನಮ್ಮಲ್ಲಿ 'ಅವನು ಬೆಳೆದಿದ್ದೆಲ್ಲ ಅಜ್ಜಿ ಮನೇಲೇ' ಅಂತೀವಲ್ಲ, ಹಾಗೆ. ಕಾಗದ ಇರಲಿಲ್ಲ, ಅಷ್ಟೆ. ಕಾಗದ ಮಾಡಿಕೊಡುತ್ತಿದ್ದ ದತ್ತು ಸಂಸ್ಥೆಗಳು ಬಹಳ ಕಾಲ ಬಿಳಿ ದಂಪತಿಗಳಿಗೆ ಬಿಳಿ ಕೂಸುಗಳನ್ನು ಹೊಂದಿಸಿ ಕೊಡುವ ಕೆಲಸದಲ್ಲೇ ಇದ್ದವು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸಂಸ್ಥೆಗಳ ಬಾಗಿಲು ಕಪ್ಪು ಮಕ್ಕಳಿಗೆ ಸ್ವಲ್ಪ ತೆರೆಯಿತು. ಆದರೆ ಸಾಕುವವರಿಗೆ ಇಟ್ಟಿದ್ದ ಷರತ್ತುಗಳು ಹಳೆಯವೇ. ಸ್ವಂತ ಮನೆ ಇರಬೇಕು, ಮಗುವಿಗೆ ಬೇರೆ ಕೋಣೆ ಬೇಕು, ಹೆಂಡತಿ ಕೆಲಸಕ್ಕೆ ಹೋಗಬಾರದು, ಮಕ್ಕಳಾಗುವುದಿಲ್ಲ ಅಂತ ಡಾಕ್ಟರ ಪತ್ರ ಬೇಕು, ಮೇಲೆ ಫೀಸು. ಕಪ್ಪು ಜನರ ಬಡಾವಣೆಗಳಿಗೆ ಬ್ಯಾಂಕುಗಳು ಮನೆ ಸಾಲವನ್ನೇ ಕೊಡದಿದ್ದ ಕಾಲ ಅದು. ಒಂದು ಸಂಬಳದಲ್ಲಿ ಸಂಸಾರ ಸಾಗದೆ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಇನ್ನು ಫೀಸು. ಅಜ್ಜ ಮುತ್ತಜ್ಜಂದಿರನ್ನು ಸಂತೆಯಲ್ಲಿ ಮಾರಿದ ನೆನಪು ಇರುವ ಮನೆಯಲ್ಲಿ, ಮಗುವಿಗೆ ಇಷ್ಟು ಡಾಲರ್ ಅಂದರೆ ಹೇಗೆ ಕೇಳಿಸೀತು? ಕೇಳಲು ಬಂದವರೂ ಅರ್ಧ ದಾರಿಯಲ್ಲೇ ವಾಪಸ್ ಹೋಗಿದ್ದು ಇದಕ್ಕೇ.

ಪ್ರಯತ್ನಗಳು ನಡೆಯಲಿಲ್ಲ ಅಂತಲ್ಲ. ನ್ಯೂಯಾರ್ಕಿನಲ್ಲಿ 1955ರಲ್ಲಿ ಹಲವು ಸಂಸ್ಥೆಗಳು ಸೇರಿ 'ಅಡಾಪ್ಟ್ ಎ ಚೈಲ್ಡ್' ಅಂತ ಶುರು ಮಾಡಿದವು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಅನ್ನುವ ಸಂಘಟನೆ ಅದರ ಹಿಂದಿತ್ತು. 1960ಕ್ಕೆ ದುಡ್ಡು ಮುಗಿಯಿತು, ಅದೂ ಮುಗಿಯಿತು.

ನಿಜವಾಗಿ ದಿಕ್ಕು ಬದಲಾಗಿದ್ದು ಡೆಟ್ರಾಯಿಟ್‌ನಲ್ಲಿ. 1967ರ ಜುಲೈನಲ್ಲಿ ಜನಾಂಗೀಯ ಗಲಭೆಯಲ್ಲಿ ಆ ಊರು ಹೊತ್ತಿ ಉರಿದು 43 ಜನ ಸತ್ತಿದ್ದರು. ಎರಡು ವರ್ಷದ ನಂತರ, 1969ರಲ್ಲಿ, ಸಿಡ್ನಿ ಡಂಕನ್ ಅನ್ನುವ ಕಪ್ಪು ಸೋಷಿಯಲ್ ವರ್ಕರ್ 'ಹೋಮ್ಸ್ ಫಾರ್ ಬ್ಲ್ಯಾಕ್ ಚಿಲ್ಡ್ರನ್' ಸಂಸ್ಥೆಯ ಹೊಣೆ ಹೊತ್ತರು. ಮಾಡಿದ್ದೇನೂ ಪವಾಡ ಅಲ್ಲ. ಬಂದವರಲ್ಲಿ ಏನು ಕೊರತೆ ಅಂತ ಹುಡುಕುವ ಬದಲು ಇವರು ಮಗುವಿಗೆ ಏನು ಕೊಡಬಲ್ಲರು ಅಂತ ನೋಡಿದರು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಎದುರು ಕೂತ ಮನುಷ್ಯ ನನ್ನನ್ನು ಹೊರಗಿಡಲು ಕಾರಣ ಹುಡುಕುತ್ತಿದ್ದಾನೋ, ಒಳಗೆ ಕರೆಯಲು ದಾರಿ ಹುಡುಕುತ್ತಿದ್ದಾನೋ ಅನ್ನುವುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ, ಅಲ್ವಾ? ನಾವು ಆಫೀಸುಗಳ ಕೌಂಟರ್ ಮುಂದೆ ನಿಂತಾಗ ಗೊತ್ತಾಗೋದೂ ಹೀಗೇ. ಮೊದಲ ವರ್ಷವೇ ನೂರಕ್ಕೂ ಹೆಚ್ಚು ಮಕ್ಕಳಿಗೆ ಮನೆ ಸಿಕ್ಕಿತು. ಅದೇ ಊರು, ಅದೇ ಜನ. ಬರೋದೇ ಇಲ್ಲ ಅನ್ನಿಸಿಕೊಂಡಿದ್ದ ಜನ.

ಅದೇ ಹೊತ್ತಿಗೆ ಇನ್ನೊಂದು ಕಡೆ ಬಿಳಿ ಕುಟುಂಬಗಳು ಕಪ್ಪು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದು ಜಾಸ್ತಿಯಾಗುತ್ತಿತ್ತು. 1971ರಲ್ಲಿ ಒಂದು ಸಮೀಕ್ಷೆ ಲೆಕ್ಕ ಹಾಕಿದಾಗ ಅಂಥ ದತ್ತುಗಳು 2,574 ಇದ್ದವು. 1972ರಲ್ಲಿ ಕಪ್ಪು ಸೋಷಿಯಲ್ ವರ್ಕರ್‌ಗಳ ರಾಷ್ಟ್ರೀಯ ಸಂಘ ಇದನ್ನು ಖಡಾಖಂಡಿತವಾಗಿ ವಿರೋಧಿಸಿತು. ಮರುವರ್ಷ ಸಂಖ್ಯೆ 1,091ಕ್ಕೆ ಇಳಿಯಿತು. ಆ ಹೇಳಿಕೆಯ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ಬಿಳಿಯರು ಸಾಕಬಾರದು ಅಂದಿದ್ದಷ್ಟೇ ಎಲ್ಲರಿಗೂ ನೆನಪು. ಕಪ್ಪು ಕುಟುಂಬಗಳು ಇವೆ, ಅವರನ್ನು ತಲುಪುವ ರೀತಿ ಸರಿಯಿಲ್ಲ ಅಂತ ಅದೇ ಜನ ಹೇಳುತ್ತಿದ್ದದ್ದು ಹೆಚ್ಚು ಕಡಿಮೆ ಮರೆತೇ ಹೋಗಿದೆ.

ಆಮೇಲೆ ಶಿಕಾಗೊ. 1980ರಲ್ಲಿ ಇಲಿನಾಯ್ ರಾಜ್ಯದ ಮಕ್ಕಳ ಇಲಾಖೆಯ ಕೈಯಲ್ಲಿ ಮನೆಗಾಗಿ ಕಾಯುತ್ತಿದ್ದ ನೂರಾರು ಕಪ್ಪು ಮಕ್ಕಳಿದ್ದರು. ನಗರದ ದಕ್ಷಿಣ ಭಾಗದ ಹೋಲಿ ಏಂಜಲ್ಸ್ ಚರ್ಚಿನ ಪಾದ್ರಿ ಜಾರ್ಜ್ ಕ್ಲೆಮೆಂಟ್ಸ್ ಭಾನುವಾರದ ಪೂಜೆಯಲ್ಲಿ ಜನರನ್ನು ಕೇಳಿಕೊಂಡರು: ಯಾರಾದರೂ ಒಂದು ಮಗುವನ್ನು ಮನೆಗೆ ಕರೆದುಕೊಳ್ಳಿ. ಯಾರೂ ಏಳಲಿಲ್ಲ. ಹಾಗಾದರೆ ನಾನೇ ತೆಗೆದುಕೊಳ್ಳುತ್ತೇನೆ ಅಂದರು. ಕ್ಯಾಥೊಲಿಕ್ ಪಾದ್ರಿ, ಮದುವೆಯೇ ಇಲ್ಲ! ಮೇಲಿನವರಿಗೆ ಇದು ಹಿಡಿಸಲಿಲ್ಲ. ಆದರೂ 1981ರಲ್ಲಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು, ಮುಂದೆ ಇನ್ನೂ ಮೂವರನ್ನು. ಹೀಗೆ ಶುರುವಾಗಿದ್ದು 'ಒನ್ ಚರ್ಚ್, ಒನ್ ಚೈಲ್ಡ್'. ಒಂದೊಂದು ಚರ್ಚಿನಲ್ಲಿ ಒಂದೊಂದು ಕುಟುಂಬ ಒಂದೊಂದು ಮಗುವನ್ನು ತೆಗೆದುಕೊಂಡರೆ ಸಾಕು ಅನ್ನುವ ಲೆಕ್ಕ. ಮುಂದೆ ಇದು ಅನೇಕ ರಾಜ್ಯಗಳಿಗೆ ಹಬ್ಬಿತು.

ಇದು ಯಾಕೆ ನಡೆಯಿತು ಅಂದರೆ, ಕೇಳಿದವರು ಪರಿಚಯದವರು. ಸರ್ಕಾರದ ಕಾರು ಮನೆ ಮುಂದೆ ನಿಂತರೆ ಮಗುವನ್ನು ಎತ್ತಿಕೊಂಡು ಹೋಗಲು ಬಂದಿದ್ದಾರೆ ಅಂತ ಹೆದರುವ ಬೀದಿಗಳಲ್ಲಿ, ಅದೇ ಇಲಾಖೆ ಪೋಸ್ಟರ್ ಅಂಟಿಸಿ 'ಬನ್ನಿ, ಮಗು ಸಾಕಿ' ಅಂದರೆ ಯಾರು ನಂಬುತ್ತಾರೆ? ನನ್ನ ಪ್ರಕಾರ ಈ ಒಂದು ವಿಷಯ ಅರ್ಥ ಮಾಡಿಕೊಂಡ ಸಂಸ್ಥೆಗಳು ಗೆದ್ದವು. ಉಳಿದವು ಕರಪತ್ರಗಳ ಮೇಲಿನ ಫೋಟೋ ಬದಲಾಯಿಸುತ್ತಾ ಕೂತವು. 1991ರಲ್ಲಿ ದತ್ತು ಸಂಸ್ಥೆಗಳದ್ದೇ ಒಂದು ಸಮೀಕ್ಷೆ ನಡೆಯಿತು. ಇಂಥ ಮಕ್ಕಳಿಗೇ ಮನೆ ಹುಡುಕುವ ವಿಶೇಷ ಸಂಸ್ಥೆಗಳು ತಮ್ಮ ಕೈಯಲ್ಲಿದ್ದ ಕಪ್ಪು ಮಕ್ಕಳಲ್ಲಿ ನೂರಕ್ಕೆ 94 ಮಂದಿಗೆ ಕಪ್ಪು ಕುಟುಂಬಗಳನ್ನೇ ಹುಡುಕಿದ್ದವು. ಸಾಮಾನ್ಯ ಸಂಸ್ಥೆಗಳಲ್ಲಿ ಈ ಲೆಕ್ಕ 51.

ಆದರೆ ಅಷ್ಟರಲ್ಲಿ ಪ್ರವಾಹವೇ ಬಂದಿತ್ತು. ಕ್ರ್ಯಾಕ್ ಕೊಕೇನ್ ಅನ್ನುವ ಮಾದಕವಸ್ತು, ಅದರ ಬೆನ್ನಿಗೆ ಜೈಲು ಶಿಕ್ಷೆಗಳು. ಅಪ್ಪ ಅಮ್ಮ ಚಟಕ್ಕೋ ಜೈಲಿಗೋ ಸಿಕ್ಕಿದಾಗ ಮಕ್ಕಳು ಸರ್ಕಾರದ ಕೈಗೆ ಬಂದರು. 1985ರಲ್ಲಿ ಸರ್ಕಾರದ ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರಿಂದ ಬೇರೆ ಮಾಡಿದ ಮಕ್ಕಳನ್ನು ತಾತ್ಕಾಲಿಕವಾಗಿ ಬೇರೆಡೆ ಸಾಕಿಸುವ ವ್ಯವಸ್ಥೆಯಲ್ಲಿ, ಸುಮಾರು 2.76 ಲಕ್ಷ ಮಕ್ಕಳಿದ್ದರು, 1999ರ ಹೊತ್ತಿಗೆ 5.67 ಲಕ್ಷ. ಕಪ್ಪು ಮಕ್ಕಳು ಅವರ ಜನಸಂಖ್ಯೆಗಿಂತ ಬಹಳ ಹೆಚ್ಚಿನ ಪಾಲಿನಲ್ಲಿದ್ದರು. ವರ್ಷಗಟ್ಟಲೆ ಕಾಯುವ ಮಕ್ಕಳನ್ನು ನೋಡಿ, ಬಣ್ಣ ಹೊಂದಿಸುವ ಹೆಸರಲ್ಲಿ ತಡ ಮಾಡುತ್ತಿದ್ದೀರಿ ಅನ್ನುವ ಕೂಗು ಎದ್ದಿತು. ಕೂಗಿನಲ್ಲಿ ಸುಳ್ಳೇನೂ ಇರಲಿಲ್ಲ. 1994ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಕಾನೂನು ಮಾಡಿ 1996ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಬಣ್ಣದ ಕಾರಣಕ್ಕೆ ದತ್ತು ತಡೆಯುವಂತಿಲ್ಲ, ತಡ ಮಾಡುವಂತಿಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ: ಕಾಯುತ್ತಿರುವ ಮಕ್ಕಳ ಸಮುದಾಯಗಳಿಂದ ಸಾಕುವ ಕುಟುಂಬಗಳನ್ನು ರಾಜ್ಯಗಳು ಶ್ರದ್ಧೆಯಿಂದ ಹುಡುಕಬೇಕು.

ಮೊದಲ ಮಾತಿಗೆ ಹಲ್ಲಿತ್ತು. 2003ರಲ್ಲಿ ಒಹಾಯೊ ರಾಜ್ಯ ಮತ್ತು ಅಲ್ಲಿನ ಹ್ಯಾಮಿಲ್ಟನ್ ಕೌಂಟಿಗೆ, ಬಣ್ಣದ ಕಾರಣಕ್ಕೆ ದತ್ತು ತಡ ಮಾಡಿದ್ದಕ್ಕೆ, 18 ಲಕ್ಷ ಡಾಲರ್ ದಂಡ ಬಿತ್ತು. ಎರಡನೇ ಮಾತು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. 2008ರಲ್ಲಿ ದತ್ತು ವಿಷಯದ ಅಧ್ಯಯನ ನಡೆಸುವ ಡೊನಾಲ್ಡ್‌ಸನ್ ಸಂಸ್ಥೆಯ ವರದಿಯೂ ಇದನ್ನೇ ಹೇಳಿತು. ದಂಡದ ಹೆದರಿಕೆಯಲ್ಲಿ ಬಣ್ಣದ ಬಗ್ಗೆ ಬಾಯಿ ಬಿಡುವುದೇ ತಪ್ಪೇನೋ ಅನ್ನುವ ಹಾಗಾದರೆ, ಕಪ್ಪು ಬಡಾವಣೆಗೆ ಹೋಗಿ ಮಾತಾಡುವ ಕೆಲಸಕ್ಕೆ ಯಾರು ಕೈ ಹಾಕುತ್ತಾರೆ?

ಇವತ್ತು ಅಮೆರಿಕದ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ ಸುಮಾರು 14. ಫಾಸ್ಟರ್ ಕೇರ್‌ನಲ್ಲಿ ಆ ಲೆಕ್ಕ 22ರ ಆಸುಪಾಸು. ಹಿಂದಿಗಿಂತ ಎಷ್ಟೋ ವಾಸಿ, ಆದರೂ ಜಾಸ್ತಿ. ಮಾತು ಈಗ ಮತ್ತೆ ಅಜ್ಜಿ, ಚಿಕ್ಕಮ್ಮನ ಮನೆಗೇ ಬಂದಿದೆ. ನೆಂಟರ ಮನೆ ಅನ್ನುವ ಕಾರಣಕ್ಕೆ ಫಾಸ್ಟರ್ ಕೇರ್ ಹಣ ತಪ್ಪಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತ್ತು, ಅದೂ ಇಲಿನಾಯ್‌ನಿಂದಲೇ ಹೋದ ಕೇಸಿನಲ್ಲಿ. ದತ್ತು ಬೇಡ, ಮಗಳ ಹಕ್ಕು ಕಿತ್ತುಕೊಂಡು ಮೊಮ್ಮಗನಿಗೆ ತಾಯಿ ಅಂತ ಕಾಗದದಲ್ಲಿ ಬರೆಸಿಕೊಳ್ಳುವುದು ನನ್ನಿಂದಾಗದು ಅನ್ನುವ ಅಜ್ಜಿಯಂದಿರಿಗೆ ಕಾನೂನಿನ ಪ್ರಕಾರ ಪಾಲಕರಾಗಿಯೇ (ಗಾರ್ಡಿಯನ್) ಉಳಿದು ನೆರವು ಪಡೆಯುವ ದಾರಿ ಕೇಂದ್ರದ ಕಾನೂನಿನಲ್ಲಿ ಬಂದಿದ್ದು 2008ರಲ್ಲಿ.

ಡೆಟ್ರಾಯಿಟ್‌ನ ಆ ಸಂಸ್ಥೆಯೂ ಅಷ್ಟು ಹೊತ್ತಿಗೆ ಬೇರೆ ಕೆಲಸವನ್ನೂ ಹಚ್ಚಿಕೊಂಡಿತ್ತು. ಮಕ್ಕಳಿಗೆ ಹೊಸ ಮನೆ ಹುಡುಕಲು ಹುಟ್ಟಿದವರು, ಮಕ್ಕಳು ಇದ್ದ ಮನೆ ಬಿಟ್ಟು ಬರದ ಹಾಗೆ ಸಂಕಷ್ಟದಲ್ಲಿದ್ದ ಕುಟುಂಬಗಳ ಜೊತೆ ಓಡಾಡತೊಡಗಿದ್ದರು.