ಹಿಂದೆ ಸದ್ದು ಬಂತು ಅಂತ ಕ್ರೌನ್ ಪಿನಿಯನ್ ತರಲು ಓಡಬೇಡಿ

"ಕ್ರೌನ್ ಪಿನಿಯನ್ ಹೋಗಿದೆ ಸಾರ್, ಎಷ್ಟಾಗುತ್ತೆ?" ನನ್ನ ಗ್ಯಾರೇಜಿಗೆ ಹಳೇ ಮಾರುತಿ ಜಿಪ್ಸಿ ತರುವವರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಮಾತು ಇದು. ಕ್ರೌನ್ ಪಿನಿಯನ್ ಅಂದರೆ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಡಬ್ಬಿಯೊಳಗೆ ಕೂತು ಎಂಜಿನ್ನಿನ ಬಲವನ್ನು ಚಕ್ರಗಳ ಕಡೆ ತಿರುಗಿಸುವ ಗೇರುಗಳ ಜೋಡಿ. ಕೆಲವರಂತೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಸೆಟ್ಟನ್ನೇ ಕೊಂಡು ತಂದಿರುತ್ತಾರೆ. ಸದ್ದು ಯಾವಾಗ ಬರುತ್ತದೆ ಅಂತ ಕೇಳಿದರೆ ಉತ್ತರ ಒಂದೇ: "ಹಿಂದೆ ಬರುತ್ತೆ." ಅಯ್ಯಾ, ನಾನು ಕೇಳಿದ್ದು ಯಾವಾಗ ಅಂತ!

ಎಲ್ಲಿಂದ ಬರುತ್ತದೆ ಅನ್ನುವ ವಿಷಯದಲ್ಲಿ ಕಿವಿಯನ್ನು ಪೂರ್ತಿ ನಂಬುವಂತಿಲ್ಲ. ಜಿಪ್ಸಿಯ ಹಿಂಭಾಗ ಡೋಲಿನ ಹಾಗೆ, ಎಲ್ಲಿ ತಟ್ಟಿದರೂ ಅಲ್ಲೇ ಮೊಳಗುತ್ತದೆ. ಜೊತೆಗೆ ಈ ಗಾಡಿಯ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಅದು ಬೇರೆಯಾಗಿ ಹಿಂದೆ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್. ಬಲ ಸಾಗಿಸಲು ಒಟ್ಟು ಮೂರು ಪ್ರೊಪೆಲ್ಲರ್ ಶಾಫ್ಟ್, ಅವುಗಳ ತುದಿಗಳಲ್ಲಿ ಕೀಲಿನ ಹಾಗೆ ಆರು ಜಾಯಿಂಟ್ ಕ್ರಾಸ್. ಸದ್ದು ಮಾಡಲು ಇಷ್ಟೊಂದು ಜನ ಇರುವಾಗ ಪಾಪ ಕ್ರೌನ್ ಮೇಲೊಂದೇ ಯಾಕೆ ಅನುಮಾನ?

ಡಿಫರೆನ್ಷಿಯಲ್ಲಿನ ಆಯಿಲ್ ಮಟ್ಟ ನೋಡಿ ಅಂತ ನಾನು ಹೇಳಬೇಕಾಗಿಲ್ಲ. ಅದಾದ ಮೇಲೆ ಸಮತಟ್ಟಾದ ಖಾಲಿ ರಸ್ತೆಗೆ ಹೋಗಿ. 50 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಒತ್ತಿ. ಆಮೇಲೆ ಗೇರಿನಲ್ಲೇ ಇಟ್ಟು ಕಾಲು ಪೂರ್ತಿ ತೆಗೆಯಿರಿ. ಕಿವಿ ಕೊಡಿ. ನೀವು ಒತ್ತಿದಾಗ ಪಿನಿಯನ್ ಹಲ್ಲು ಕ್ರೌನ್ ಹಲ್ಲನ್ನು ತಳ್ಳುತ್ತದೆ. ಕಾಲು ತೆಗೆದಾಗ ಚಕ್ರವೇ ಕ್ರೌನನ್ನು ತಿರುಗಿಸಿ ಪಿನಿಯನ್ನನ್ನು ತಳ್ಳುತ್ತದೆ. ಆಗ ಉಜ್ಜುವುದು ಹಲ್ಲಿನ ಇನ್ನೊಂದು ಮೈ. ಅದಕ್ಕೇ ಕ್ರೌನ್ ಪಿನಿಯನ್ ಸದ್ದು ನಿಮ್ಮ ಕಾಲಿನ ಮಾತು ಕೇಳುತ್ತದೆ. ಒತ್ತಿದರೆ ಊಳಿಡುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ, ಇಲ್ಲವೇ ದನಿ ಬದಲಿಸುತ್ತದೆ. ಟೈರಿಗೂ ಚಕ್ರದ ಬೇರಿಂಗಿಗೂ ನಿಮ್ಮ ಕಾಲಿನ ಹಂಗಿಲ್ಲ. ಒತ್ತಿ, ಬಿಡಿ, ನ್ಯೂಟ್ರಲ್ ಮಾಡಿ, ವೇಗ ಅಷ್ಟೇ ಇದ್ದರೆ ಸದ್ದೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇಷ್ಟು ಹೇಳಿದ ಮೇಲೂ ವಾಟ್ಸಾಪಿನಲ್ಲಿ ಸದ್ದು ಕಳಿಸಿ "ಇದೇನು ಸಾರ್?" ಅನ್ನುವವರಿದ್ದಾರೆ. ಫೋನಿನಲ್ಲಿ ಎಲ್ಲವೂ ಗರ್ರ್ ಅಂತಲೇ ಕೇಳುತ್ತದೆ. ಸದ್ದು ಬಂದಾಗ ಕಾಲು ಎಲ್ಲಿತ್ತು? ಅದನ್ನು ಹೇಳಿ, ಸಾಕು.

ಸಕಲೇಶಪುರದ ಕಡೆಯ ಒಂದು ಎಸ್ಟೇಟಿನ ಜಿಪ್ಸಿ ಬಂದಿತ್ತು. ಮಾಲೀಕರ ಕೈಯಲ್ಲಿ ಹೊಸ ಸೆಟ್. ಡ್ರೈವರ್ ಹಿಂದೆ ಸುಮ್ನೆ ನಿಂತಿದ್ದರು. "ನೀವು ಹೇಳಿ ಅಣ್ಣ" ಅಂದೆ. "ಮಳೆಗಾಲಕ್ಕೆ ದಪ್ಪ ಹಲ್ಲಿನ ಟೈರ್ ಹಾಕಿಸಿದ್ರಲ್ಲ ಸಾರ್, ಆಮೇಲೆ ಶುರುವಾಯ್ತು. ತೋಟದೊಳಗೆ ಇರಲ್ಲ. ಟಾರ್ ರಸ್ತೆಗೆ ಬಂದ ಕೂಡ್ಲೆ ಗುಂಯ್ ಅನ್ನುತ್ತೆ." ಅಲ್ಲಿಗೆ ಮುಗೀತು, ಸದ್ದು ಟೈರಿನದು. ಈ ಡ್ರೈವರುಗಳನ್ನು ಕಂಡರೆ ನನಗೆ ಬಹಳ ಪ್ರೀತಿ. ಪಾರ್ಟಿನ ಹೆಸರು ಗೊತ್ತಿರುವುದಿಲ್ಲ, ಸದ್ದಿನ ಜಾತಕ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ಕಾಲಿನ ಮಾತು ಕೇಳಿತು ಅಂದ ಮಾತ್ರಕ್ಕೆ ಕ್ರೌನೇ ಅಂತ ತೀರ್ಮಾನಿಸಬೇಡಿ. ಟ್ರಾನ್ಸ್‌ಫರ್ ಕೇಸಿನ ಗೇರುಗಳೂ ಹೀಗೆಯೇ ಊಳಿಡುತ್ತವೆ. ಅನುಮಾನ ಇದ್ದರೆ ನಾನು ಹಿಂದಿನ ಶಾಫ್ಟನ್ನು ಬಿಚ್ಚಿಟ್ಟು, ಫೋರ್ ವೀಲ್ ಡ್ರೈವ್ ಹಾಕಿ, ಮುಂದಿನ ಚಕ್ರಗಳ ಬಲದಲ್ಲೇ ಸ್ವಲ್ಪ ದೂರ ಓಡಿಸುತ್ತೇನೆ. ಊಳು ಹಾಗೇ ಇದ್ದರೆ ಹಿಂದಿನ ಕ್ರೌನ್ ನಿರಪರಾಧಿ. ನೀವೇ ಮಾಡುವುದಾದರೆ ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಗೇರಿನಲ್ಲಿದೆ ಅನ್ನುವ ಧೈರ್ಯ ಬೇಡ. ಶಾಫ್ಟ್ ಬಿಚ್ಚಿದ ಮೇಲೆ ಗೇರಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಹೊರಡುವಾಗ, ರಿವರ್ಸ್ ಹಾಕುವಾಗ ಟಣ್ ಅಂದರೆ ಮೊದಲು ಕ್ರಾಸ್ ಅಲ್ಲಾಡಿಸಿ ನೋಡಿ. ಲೀಫ್ ಸ್ಪ್ರಿಂಗಿನ ಬುಷ್, ಯು ಬೋಲ್ಟ್ ಆಮೇಲೆ. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳಿರಬಹುದು. ಫೋರ್ ವೀಲ್ ತೆಗೆಯಲು ಮರೆತು ಟಾರ್ ರಸ್ತೆಗೆ ಬಂದಿದ್ದೀರಾ ಅಂತಲೂ ನೋಡಿಕೊಳ್ಳಿ!

ಸುಮ್ಮನಿರುವ ಡಿಫರೆನ್ಷಿಯಲ್ ಬಿಚ್ಚಬಾರದು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ಸೆಟ್. ಹಲ್ಲುಗಳ ನಡುವಿನ ಸಂದು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ. ಡಯಲ್ ಗೇಜ್ ಇಲ್ಲದೆ ಕೈ ಅಂದಾಜಿನಲ್ಲಿ ಕೂರಿಸಿದರೆ ಇಲ್ಲದ ಊಳು ಶುರುವಾಗುತ್ತದೆ. ಆಮೇಲೆ "ಹೊಸ ಸೆಟ್ಟೇ ಸರಿ ಇಲ್ಲ" ಅಂತ ಅಂಗಡಿಯವನ ಜೊತೆ ಜಗಳ.

ಒಂದು ಸದ್ದಿಗೆ ಮಾತ್ರ ಈ ಪರೀಕ್ಷೆ ಯಾವುದೂ ಬೇಡ. ಒಂದೇ ಚಕ್ರದ ಕಡೆ ಗೊರಗೊರ, ಎಡಕ್ಕೆ ಬಲಕ್ಕೆ ಸ್ಟೀರಿಂಗ್ ಎಳೆದಾಗ ಜಾಸ್ತಿ ಕಡಿಮೆ, ಆ ಚಕ್ರದ ಡ್ರಮ್ಮಿನ ಹತ್ತಿರ ಆಯಿಲ್ ಜಿನುಗು. ಇದು ಬೇರಿಂಗ್ ಇರಬಹುದು. ಜಿಪ್ಸಿಯ ಹಿಂದಿನ ಆಕ್ಸಲ್ ಶಾಫ್ಟನ್ನು ಹಿಡಿದಿಟ್ಟಿರುವುದೇ ಆ ಬೇರಿಂಗ್ ಮತ್ತು ಅದರ ರಿಂಗ್. ಅದರ ಹಿಡಿತ ತಪ್ಪಿದರೆ ಶಾಫ್ಟ್ ಸಮೇತ ಚಕ್ರ ಹೊರಗೆ ಬರುತ್ತದೆ. ಓಡಿಸಿಕೊಂಡು ಗ್ಯಾರೇಜಿಗೆ ಬರಬೇಡಿ. ಫೋನ್ ಮಾಡಿ, ನಾನೇ ಬರುತ್ತೇನೆ.