ಕೀರ್ತಿಶೇಷ: ಬದುಕಿರುವ ಆಟಗಾರರ ಹೆಸರಿಗೆ ಸಲ್ಲದ ಪದ

ಅಡಿಕೆಯ ಕೊನೆಕೊಯ್ಲು ಮುಗಿಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಊರೂರುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಮತ್ತು ಕಬಡ್ಡಿ ಪಂದ್ಯಾವಳಿಗಳ ಕರಪತ್ರಗಳು ಹರಿದಾಡತೊಡಗುತ್ತವೆ. ಅಂಥದೊಂದು ಕರಪತ್ರದ ಸಭಾ ಕಾರ್ಯಕ್ರಮದ ಸಾಲಿನಲ್ಲಿ ‘ನಮ್ಮೂರಿನ ಕೀರ್ತಿಶೇಷ ಆಟಗಾರರಿಗೆ ಶಾಲು ಹೊದಿಸಿ ಸನ್ಮಾನ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ಹಳೆಯ ತಂಡದ ಮೂವರು ಹಿರಿಯರ ಹೆಸರುಗಳಿದ್ದವು. ಮೂವರೂ ವೇದಿಕೆಗೆ ಬಂದು ಸನ್ಮಾನ ಸ್ವೀಕರಿಸಬೇಕಾದವರು. ಇದೇ ತಪ್ಪನ್ನು ಶಿವಮೊಗ್ಗದ ಫ್ಲೆಕ್ಸ್‌ಗಳಲ್ಲಿ, ವಾಟ್ಸ್ಆ್ಯಪ್ ಆಮಂತ್ರಣಗಳಲ್ಲಿ, ಮೈಕು ಹಿಡಿದ ನಿರೂಪಕರ ಬಾಯಲ್ಲಿ ಮತ್ತೆ ಮತ್ತೆ ಕಾಣುತ್ತ, ಕೇಳುತ್ತ ಬಂದಿರುವುದರಿಂದ ಇದನ್ನು ಇನ್ನೂ ಅಚ್ಚಿನ ದೋಷವೆಂದು ಬಿಟ್ಟುಬಿಡುವಂತಿಲ್ಲ. ಕೀರ್ತಿಶೇಷ ಎಂದರೆ ತೀರಿಕೊಂಡವರು. ಬದುಕಿರುವ ಹಿರಿಯರ ಹೆಸರಿನ ಹಿಂದೆ ಅದನ್ನು ಬರೆದರೆ ಅದು ಗೌರವವಲ್ಲ, ಅವರಿಗೂ ಅವರ ಮನೆಯವರಿಗೂ ನೋವು.

ತಪ್ಪು ಹುಟ್ಟುವ ಬಗೆ ಊಹಿಸಲಾಗದಂಥದಲ್ಲ. ಕೀರ್ತಿಶಾಲಿ, ಕೀರ್ತಿವಂತ ಎಂಬ ಪದಗಳ ಪಕ್ಕದಲ್ಲಿ ಕೀರ್ತಿಶೇಷವೂ ಅದೇ ಜಾತಿಯದೆಂಬಂತೆ ಕೇಳಿಸುತ್ತದೆ. ‘ವಿಶೇಷ’ದ ಧ್ವನಿಯೂ ಅದರಲ್ಲಿ ಸೇರಿಕೊಂಡು, ವಿಶೇಷ ಕೀರ್ತಿಯುಳ್ಳವರು ಎಂಬ ಭ್ರಮೆ ಹುಟ್ಟುತ್ತದೆ. ಇನ್ನು ಕೆಲವರು ಪದವನ್ನು ಬಿಡಿಸಿಯೇ ನೋಡುತ್ತಾರೆ, ಆದರೆ ‘ಕೀರ್ತಿಯನ್ನು ಉಳಿಸಿಕೊಂಡವರು’ ಎಂದು ಬಿಡಿಸುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು, ಏಕೆಂದರೆ ಅದಕ್ಕೆ ವ್ಯಾಕರಣದ ವೇಷವಿದೆ.

ಶೇಷ ಎಂಬುದು ‘ಉಳಿ’ ಎಂಬ ಅರ್ಥದ ‘ಶಿಷ್’ ಧಾತುವಿನಿಂದ ಬಂದ ಪದ. ಭಾಗಾಕಾರದಲ್ಲಿ ಭಾಗಿಸಿ ಮುಗಿದ ಮೇಲೆ ಉಳಿಯುವುದು ಶೇಷ. ಪ್ರಳಯದಲ್ಲಿ ಎಲ್ಲವೂ ಲಯವಾದ ಮೇಲೂ ಉಳಿಯುವವನು ಎಂಬುದರಿಂದ ಆದಿಶೇಷನಿಗೆ ಆ ಹೆಸರು. ಎರಡರಲ್ಲಿಯೂ ಗಮನಿಸಬೇಕಾದದ್ದು ಒಂದೇ: ಏನೋ ಒಂದು ಮುಗಿದುಹೋಗದೆ ಶೇಷವೆಂಬುದಕ್ಕೆ ಅಸ್ತಿತ್ವವಿಲ್ಲ. ಹಾಗಾದರೆ ಕೀರ್ತಿಶೇಷದಲ್ಲಿ ಮುಗಿದುಹೋದದ್ದು ಯಾವುದು? ವ್ಯಕ್ತಿಯ ದೇಹ, ಅವರ ಬದುಕು. ಸಮಾಸವನ್ನು ಬಿಡಿಸಬೇಕಾದದ್ದು ಬಹುವ್ರೀಹಿಯಾಗಿ: ಕೀರ್ತಿಯೇ ಶೇಷವಾಗಿ ಉಳ್ಳವರು ಯಾರೋ ಅವರು. ಆ ‘ಏ’ಕಾರವನ್ನು ಬಿಟ್ಟರೆ ಅರ್ಥವೇ ಕೆಡುತ್ತದೆ. ಕೀರ್ತಿಯ ಹೊರತು ಬೇರೇನೂ ಉಳಿಯದವರು ಎಂದು ಈ ಪದ ಹೇಳುತ್ತದೆಯೇ ಹೊರತು, ಕೀರ್ತಿಯೂ ಉಳಿದಿರುವವರು ಎಂದಲ್ಲ. ಬೆಳಗ್ಗೆ ಎದ್ದು ತೋಟಕ್ಕೆ ಹೋಗಿಬರುವ, ಸಂಜೆ ಮೈದಾನದ ಬದಿಯಲ್ಲಿ ನಿಂತು ಹುಡುಗರ ಸರ್ವೀಸು ತಿದ್ದುವ ಎಪ್ಪತ್ತರ ಹಿರಿಯರೊಬ್ಬರಿಗೆ ಕೀರ್ತಿಯ ಜೊತೆಗೆ ಕೈಕಾಲು, ಕಣ್ಣು, ಮಾತು, ಸಿಟ್ಟು ಎಲ್ಲವೂ ಉಳಿದಿವೆ.

ಪೂರ್ವಪದವಾದ ‘ಕೀರ್ತಿ’ಯ ಮೂಲವನ್ನೂ ನೋಡಬೇಕು, ಕ್ರೀಡಾಪಟುಗಳ ವಿಷಯಕ್ಕೆ ಅದು ಹೆಚ್ಚು ಹತ್ತಿರದ್ದು. ಕೀರ್ತನೆ, ಸಂಕೀರ್ತನೆ, ಕೀರ್ತಿ ಇವೆಲ್ಲ ಒಂದೇ ಬುಡದ ಪದಗಳು. ಆ ಬುಡದ ಅರ್ಥ ಹೇಳುವುದು, ಹೆಸರೆತ್ತುವುದು, ಬಣ್ಣಿಸುವುದು. ಅಂದರೆ ಕೀರ್ತಿ ಎಂಬುದು ಒಬ್ಬರ ಒಳಗಿರುವ ಗುಣವಲ್ಲ, ಆ ಒಬ್ಬರನ್ನು ಕುರಿತು ಇತರರು ಆಡುವ ಮಾತು. ಹೇಳುವವರಿದ್ದರೆ ಕೀರ್ತಿಯುಂಟು, ಇಲ್ಲದಿದ್ದರೆ ಇಲ್ಲ. ತೀರಿಕೊಂಡ ಆಟಗಾರರನ್ನು ಕೀರ್ತಿಶೇಷರೆಂದು ಕರೆಯುವ ಲೇಖನವಾಗಲಿ, ಭಾಷಣವಾಗಲಿ, ಮುಂದಿನ ವಾಕ್ಯದಲ್ಲೇ ಅವರು ಏನು ಆಡಿದರು ಎಂಬುದನ್ನು ಹೇಳಲೇಬೇಕು. ಹೇಳದೆ ಹೋದರೆ ಪದವನ್ನು ಬಳಸಿದಂತಾಗುತ್ತದೆ, ಅದರ ಅರ್ಥವನ್ನು ನಡೆಸಿದಂತಾಗುವುದಿಲ್ಲ. ಸಂತಾಪ ಸಭೆಗಳಲ್ಲಿ ‘ಸರಳ, ಸಜ್ಜನ, ಸ್ನೇಹಜೀವಿ’ ಎಂಬ ಮೂರು ವಿಶೇಷಣಗಳನ್ನು ಹೇಳಿ, ಅವರು ಯಾವ ಸ್ಥಾನದಲ್ಲಿ ಆಡುತ್ತಿದ್ದರು ಎಂಬುದನ್ನು ಒಬ್ಬರೂ ಹೇಳದೆ ಮೌನಾಚರಣೆಗೆ ಎದ್ದುನಿಲ್ಲುವ ಪದ್ಧತಿ ಈ ಕಾರಣಕ್ಕೇ ಬಹಳ ಬೇಸರ ತರಿಸುತ್ತದೆ.

ಸಂಸ್ಕೃತದಲ್ಲಿ ಈ ಅಚ್ಚಿನ ಪದಗಳ ಒಂದು ಕುಟುಂಬವೇ ಇದೆ: ನಾಮಶೇಷ, ಕಥಾಶೇಷ, ಸ್ಮೃತಿಶೇಷ. ಇವೆಲ್ಲವೂ ಸತ್ತವರಿಗೇ ಸಲ್ಲುವಂಥವು. ಕಾಳಿದಾಸನ ರಘುವಂಶದ 14ನೇ ಸರ್ಗದಲ್ಲಿ ವನವಾಸದಿಂದ ಮರಳಿದ ರಾಮನು ತಂದೆಯ ಮನೆಯನ್ನು ಕಣ್ಣೀರಿನೊಡನೆ ಹೊಗುವಾಗ ದಶರಥನಿಗೆ ಬರುವ ವಿಶೇಷಣ ‘ಆಲೇಖ್ಯಶೇಷ’, ಅಂದರೆ ಚಿತ್ರವಾಗಿ ಮಾತ್ರ ಉಳಿದವನು. ಕನ್ನಡದಲ್ಲಿ ಈ ಕುಟುಂಬದ ಒಂದು ಪದದ ಬಣ್ಣ ಕೆಟ್ಟಿದೆ. ‘ನಾಮಾವಶೇಷ’ವೆಂದರೆ ಹೆಸರಾದರೂ ಉಳಿಯಿತು ಎಂಬ ಸಮಾಧಾನ ಇರಬೇಕಿತ್ತು, ನಾವು ಅದನ್ನು ಹೇಳಹೆಸರಿಲ್ಲದಂತೆ ನಾಶವಾಯಿತು ಎಂಬ ಅರ್ಥದಲ್ಲಿ ಕೆರೆಗಳಿಗೂ ಕೋಟೆಗಳಿಗೂ ಬಳಸುತ್ತೇವೆ. ಆ ಬದಲಾವಣೆ ರೂಢಿಯಾಗಿ ನೆಲೆನಿಂತಿರುವುದರಿಂದ ಈಗ ಅದನ್ನು ತಿದ್ದಲಾಗದು. ಕೀರ್ತಿಶೇಷಕ್ಕೆ ಅಂಥ ಗತಿ ಇನ್ನೂ ಬಂದಿಲ್ಲ. ಯಕ್ಷಗಾನದ ಆಮಂತ್ರಣಗಳಲ್ಲಿ ಅಗಲಿದ ಭಾಗವತರನ್ನೂ ವೇಷಧಾರಿಗಳನ್ನೂ ನೆನೆಯುವಾಗ ಈ ಪದ ಇಂದಿಗೂ ಸರಿಯಾದ ಅರ್ಥದಲ್ಲೇ ಅಚ್ಚಾಗುತ್ತಿದೆ. ಅದೇ ಊರಿನ ಕ್ರೀಡಾಕೂಟದ ಕರಪತ್ರಕ್ಕೆ ಬಂದಾಗ ಮಾತ್ರ ದಿಕ್ಕು ತಪ್ಪುತ್ತಿದೆ.

‘ದಿವಂಗತ’ ಇರುವಾಗ ಇದೇಕೆ ಬೇಕು ಎಂದು ಕೇಳುವವರಿಗೆ ಸೊರಬ, ಶಿಕಾರಿಪುರದ ಕಡೆಯ ಒಂದು ವೀರಗಲ್ಲನ್ನು ತೋರಿಸಬಹುದು. ಮೂರು ಹಂತದ ಕಲ್ಲಿನಲ್ಲಿ ಕೆಳಗಡೆ ಕಾಳಗ ನಡೆದಿರುತ್ತದೆ: ತುರು ಬಿಡಿಸಲು ಹೋದವನೋ ಊರು ಕಾಯಲು ನಿಂತವನೋ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಹೋರಾಡುತ್ತಿರುತ್ತಾನೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ‘ದಿವಂ’ ಎಂದರೆ ಸ್ವರ್ಗವನ್ನು, ‘ಗತ’ ಎಂದರೆ ಹೊಂದಿದವನು. ಆ ಪದ ಕಲ್ಲಿನ ಮೇಲಿನ ಹಂತವನ್ನು ಹೇಳುತ್ತದೆ. ವೈಕುಂಠವಾಸಿ, ಕೈಲಾಸವಾಸಿ, ಲಿಂಗೈಕ್ಯ ಎಂಬವೂ ಸತ್ತವರು ಎಲ್ಲಿ ಸೇರಿದರು ಎಂಬುದನ್ನು ಅವರವರ ನಂಬಿಕೆಯಂತೆ ಹೇಳುವ ಮಾತುಗಳು. ಕೀರ್ತಿಶೇಷ ಎಂಬುದು ಕೆಳಗಿನ ಹಂತದ ಪದ. ಅವರು ಎಲ್ಲಿಗೆ ಹೋದರೆಂಬುದನ್ನು ಅದು ಹೇಳುವುದಿಲ್ಲ, ಇಲ್ಲಿ ಏನನ್ನು ಮಾಡಿ ಬಿಟ್ಟುಹೋದರೆಂಬುದನ್ನು ಹೇಳುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್ ಆಟಗಾರರು ಒಂದೇ ಅಂಗಿ ತೊಟ್ಟು ಆಡಿದ ತಂಡವೊಂದರ ಅಗಲಿದ ಸದಸ್ಯರನ್ನು ಒಂದೇ ಸಾಲಿನಲ್ಲಿ ನೆನೆಯಬೇಕಾದಾಗ ಇದಕ್ಕಿಂತ ಯೋಗ್ಯವಾದ ಪದ ಕನ್ನಡದಲ್ಲಿ ಸಿಗುವುದು ಕಷ್ಟ.

ತಂಡದ ಮಟ್ಟಿಗೆ ಈ ಪದವನ್ನು ಎಣಿಸಿ ಬಳಸಬೇಕು. 1948ರ ಲಂಡನ್ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಸ್ವತಂತ್ರ ಭಾರತವು ಬ್ರಿಟನ್ ತಂಡವನ್ನು 4-0ಯಿಂದ ಸೋಲಿಸಿತು. ಅದರಲ್ಲಿ ಎರಡು ಗೋಲು ಹೊಡೆದ ಬಲ್ಬೀರ್ ಸಿಂಗ್ ಸೀನಿಯರ್ 2020ರ ಮೇ 25ರಂದು ತೀರಿಕೊಂಡರು. ಆ ತಂಡದ ಕೊನೆಯವರಾಗಿ ಉಳಿದಿದ್ದ ಕೇಶವ್ ದತ್ 2021ರ ಜುಲೈನಲ್ಲಿ ತೀರಿಕೊಂಡರು. ಆ ದಿನದಿಂದ ‘1948ರ ಕೀರ್ತಿಶೇಷ ತಂಡ’ ಎಂದು ಇಡೀ ತಂಡಕ್ಕೆ ಸೇರಿಸಿ ಬರೆದರೆ ತಪ್ಪಿಲ್ಲ. ಆದರೆ ಅದೇ ಜುಲೈ 13ರಂದು ಯಶ್‌ಪಾಲ್ ಶರ್ಮಾ ನಿಧನರಾದಾಗ ಸಂಗತಿ ಬೇರೆಯಾಗಿತ್ತು. 1983ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 89, ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 61 ರನ್ ಮಾಡಿದ ಅವರು ಆ ತಂಡದಿಂದ ಅಗಲಿದ ಮೊದಲಿಗರು. ಅಲ್ಲಿ ಕೀರ್ತಿಶೇಷರಾದವರು ಅವರೊಬ್ಬರೇ, ತಂಡವಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ಇಬ್ಬರು, ಎಂ. ಕೆ. ಕೌಶಿಕ್ ಮತ್ತು ರವೀಂದರ್ ಪಾಲ್ ಸಿಂಗ್, 2021ರ ಮೇ 8ರಂದು ಒಂದೇ ದಿನ ಕೋವಿಡ್‌ನಿಂದ ತೀರಿಕೊಂಡರು. ಕೊಡಗಿನ ಎಂ. ಎಂ. ಸೋಮಯ್ಯ ಅವರೂ ಆಡಿದ ತಂಡ ಅದು. ಅವರೆಲ್ಲರನ್ನೂ ಒಟ್ಟಾಗಿ ನೆನೆಯುವ ಲೇಖನದಲ್ಲಿ ಯಾರ ಹೆಸರಿನ ಹಿಂದೆ ಕೀರ್ತಿಶೇಷ ಬರಬೇಕು, ಯಾರ ಹೆಸರಿನ ಹಿಂದೆ ಬರಬಾರದು ಎಂಬುದನ್ನು ಒಬ್ಬೊಬ್ಬರದಾಗಿ ವಿಚಾರಿಸಿಯೇ ಬರೆಯಬೇಕು.

‘ಕೊನೆಯ ಕೊಂಡಿ ಕಳಚಿತು’ ಎಂಬ ತಲೆಬರಹಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೇಶವ್ ದತ್ ಅವರ ವಿಷಯದಲ್ಲಿ ಅದು ಅಕ್ಷರಶಃ ನಿಜ. ತಂಡದಲ್ಲಿ ಇನ್ನೂ ನಾಲ್ಕಾರು ಮಂದಿ ಇರುವಾಗಲೇ ಅದನ್ನು ಬಳಸಿದರೆ ಉಳಿದವರನ್ನು ಪತ್ರಿಕೆಯೇ ಲೆಕ್ಕದಿಂದ ತೆಗೆದುಹಾಕಿದಂತಾಗುತ್ತದೆ.

ಬದುಕಿರುವ ಹಿರಿಯರನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ‘ಮಾಜಿ’. ಅರಬ್ಬಿ ಮೂಲದ ಈ ಪದ ಹುದ್ದೆಗಳ ಲೋಕದ್ದು. ಮಾಜಿ ಶಾಸಕ, ಮಾಜಿ ನಾಯಕ, ಮಾಜಿ ತರಬೇತುದಾರ ಎಂಬಲ್ಲಿ ಅದು ಸರಿ, ಏಕೆಂದರೆ ಆ ಸ್ಥಾನಕ್ಕೆ ಈಗ ಬೇರೆಯವರು ಬಂದಿದ್ದಾರೆ. ಗೆಲುವಿಗೆ ಈ ಮಾತು ಒಪ್ಪುವುದಿಲ್ಲ. 1983ರ ವಿಶ್ವಕಪ್ ಗೆದ್ದ ಸೈಯದ್ ಕಿರ್ಮಾನಿ, ರೋಜರ್ ಬಿನ್ನಿ ಅವರನ್ನು ‘ಮಾಜಿ ವಿಶ್ವಕಪ್ ವಿಜೇತರು’ ಎಂದು ಬರೆದರೆ, ಆ ಗೆಲುವನ್ನು ಯಾರೋ ಹಿಂದಕ್ಕೆ ಪಡೆದರು ಎಂಬ ಅರ್ಥ ಬರುತ್ತದೆ. ‘ಮಾಜಿ ಒಲಿಂಪಿಯನ್’ ಎಂಬುದೂ ಅಷ್ಟೇ ಅರ್ಥಹೀನ. ಒಲಿಂಪಿಕ್ಸ್‌ನಲ್ಲಿ ಒಮ್ಮೆ ಆಡಿದವರು ಆಡಿದವರೇ. ಹಿರಿಯ ಆಟಗಾರರು ಎಂದರೆ ಸಾಕು, ಅಥವಾ ಇಂಥ ವರ್ಷದ ಇಂಥ ತಂಡದಲ್ಲಿ ಆಡಿದವರು ಎಂದು ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಬಿಡಿಸಿ ಹೇಳುವುದರಲ್ಲಿ ಎಷ್ಟು ಲಾಭವಿದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಭಾರತ ಇಂಗ್ಲೆಂಡ್ ನೆಲದ ತನ್ನ ಮೊದಲ ಟೆಸ್ಟ್ ಗೆಲುವನ್ನು ಕಂಡಿತು. ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಗೆಲುವಿನ ದಾರಿ ತೆರೆದರು. 173 ರನ್ನುಗಳ ಗುರಿಯ ಬೆನ್ನು ಹತ್ತಿದಾಗ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 33 ರನ್ ಮಾಡಿ, ಗೆಲುವು ಕೈಗೆ ಬಂದ ಹೊತ್ತಿನಲ್ಲಿ ಔಟಾದರು. ಬಳಿಕ ಬಂದ ಸೈಯದ್ ಆಬಿದ್ ಅಲಿ ಬೌಂಡರಿ ಹೊಡೆದು ಪಂದ್ಯ ಮುಗಿಸಿದರು. ನಾಯಕರಾಗಿದ್ದ ಅಜಿತ್ ವಾಡೇಕರ್ 2018ರಲ್ಲಿ, ಆಬಿದ್ ಅಲಿ 2025ರ ಮಾರ್ಚ್‌ನಲ್ಲಿ ಕೀರ್ತಿಶೇಷರಾದರು. ಆಬಿದ್ ಅಲಿಯವರ ಆ ಹೊಡೆತವನ್ನು ಹೇಳಲು ಹೊರಟರೆ ಅದಕ್ಕೆ ಮೊದಲು ಕ್ರೀಸಿನಲ್ಲಿದ್ದವರ ಹೆಸರನ್ನು ಹೇಳಲೇಬೇಕಾಗುತ್ತದೆ. ಅಗಲಿದವರ ಕೀರ್ತಿಯೂ ಜೊತೆಗೆ ಆಡಿದವರ ನೆನಪೂ ಹೀಗೆ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುತ್ತವೆ.

ಟೆಸ್ಟ್ ಪಂದ್ಯಕ್ಕಾದರೆ ಅಂಕಪಟ್ಟಿ ಇದೆ. ಎಲ್ಲರೂ ಅಗಲಿದ ಮೇಲೂ ಅದು ಹೇಳುತ್ತಲೇ ಇರುತ್ತದೆ. ಊರಿನ ವಾಲಿಬಾಲ್ ತಂಡಕ್ಕೆ ಅದಿಲ್ಲ. ಶಾಲೆಯ ಕೋಣೆಯಲ್ಲೋ ಸೊಸೈಟಿಯ ಗೋಡೆಯಲ್ಲೋ ನೇತಾಡುವ, ಮಳೆಗಾಲದ ಥಂಡಿಗೆ ಅಂಚು ಕಲೆಗಟ್ಟಿದ ಕಪ್ಪುಬಿಳುಪು ಫೋಟೊದಲ್ಲಿ ಎರಡು ಸಾಲು ಹುಡುಗರು, ನಡುವೆ ಒಂದು ಕಪ್, ಮುಂದೆ ಚೆಂಡು. ಕೆಳಗೆ ಹೆಸರುಗಳಿಲ್ಲ. ಇವರು ಯಾರು, ಆ ಕಪ್ ಯಾವ ಊರಿನದು, ಫೈನಲ್‌ನ ಕೊನೆಯ ಸೆಟ್‌ನಲ್ಲಿ ಲಿಫ್ಟ್ ಕೊಟ್ಟವರು ಯಾರು, ಹೊಡೆದವರು ಯಾರು ಎಂಬುದನ್ನು ಹೇಳಬಲ್ಲವರು ಆ ಸಾಲಿನಲ್ಲಿ ಇನ್ನೂ ನಮ್ಮ ನಡುವೆ ಇರುವವರು ಮಾತ್ರ. ಅಗಲಿದ ಜೊತೆಗಾರರ ಕೀರ್ತಿ ಉಳಿದಿರುವುದು ಅವರ ಬಾಯಲ್ಲಿ. ಅವರನ್ನೇ ಕೀರ್ತಿಶೇಷರ ಪಟ್ಟಿಗೆ ಸೇರಿಸಿ, ಶಾಲು ಹೊದಿಸಿ, ಎರಡು ಮಾತನ್ನೂ ಆಡಿಸದೆ ವೇದಿಕೆಯಿಂದ ಇಳಿಸಿ ಕಳಿಸುವ ಸಭೆಗಳನ್ನು ಕಂಡಾಗ ಪದದ ತಪ್ಪಿಗಿಂತ ದೊಡ್ಡ ತಪ್ಪು ನಡೆಯುತ್ತಿದೆ ಎನಿಸುತ್ತದೆ. ಅವರ ಕೈಗೆ ಮೈಕು ಕೊಡಬೇಕು, ಫೋಟೊವನ್ನು ಅವರ ಮುಂದಿಟ್ಟು ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದುಕೊಳ್ಳಬೇಕು. ಹೀಗೆ ಬರೆದ ಪಟ್ಟಿಯಲ್ಲಿ ತೀರಿಕೊಂಡವರ ಹೆಸರಿನ ಹಿಂದೆ ಕೀರ್ತಿಶೇಷ ಎಂದು ಸೇರಿಸಿದಾಗ ಆ ಪದಕ್ಕೆ ಪೂರ್ಣ ಅರ್ಥ ಬರುತ್ತದೆ.

ಇನ್ನು ಬರವಣಿಗೆಯ ಕೆಲವು ಸಣ್ಣ ಸಂಗತಿಗಳು. ‘ಕೀರ್ತಿಶೇಷ ದಿವಂಗತ’ ಎಂದು ಎರಡನ್ನೂ ಒಟ್ಟಿಗೆ ಬರೆಯುವುದು ಬೇಡ, ಒಂದು ಸಾಕು. ‘ದಿ.’ ಎಂಬ ಹ್ರಸ್ವರೂಪ ದಿವಂಗತಕ್ಕೂ ದಿನಾಂಕಕ್ಕೂ ಬಳಕೆಯಾಗುವುದರಿಂದ, ಎರಡೂ ಒತ್ತೊತ್ತಾಗಿ ಬರುವ ಕರಪತ್ರದಲ್ಲಿ ಹೆಸರಿನ ಹಿಂದೆ ಕೀರ್ತಿಶೇಷ ಎಂದು ಪೂರ್ತಿ ಬರೆಯುವುದೇ ಮೇಲು. ‘ಕೀರ್ತಿಶೇಷರಾದರು’ ಎಂಬ ಕ್ರಿಯಾರೂಪ ಶುದ್ಧವಾದದ್ದು. ಸ್ಮರಣಾರ್ಥ ನಡೆಯುವ ಪಂದ್ಯಾವಳಿಯಲ್ಲಿ ಯಾರ ನೆನಪಿಗಾಗಿ ಕಪ್ ಇಟ್ಟಿದೆಯೋ ಅವರ ಹೆಸರಿನ ಹಿಂದೆ ಮಾತ್ರ ಈ ಪದ ಬರಬೇಕು. ಕಪ್ಪಿನ ಪ್ರಾಯೋಜಕರ ಹೆಸರು ಅದೇ ಸಾಲಿನಲ್ಲಿದ್ದರೆ, ಪದ ಯಾರಿಗೆ ಅನ್ವಯಿಸುತ್ತದೆಂಬ ಗೊಂದಲ ಬಾರದಂತೆ ಅದನ್ನು ಬೇರೆ ಸಾಲಿಗೆ ಇಳಿಸಬೇಕು.